ಫೀಸಿನ ಜಗಳ ಬೇರೆ, ಮಗುವಿನ ಹಕ್ಕು ಬೇರೆ

ಖಾಸಗಿ ಶಾಲೆಯ ಕೌಂಟರಿನಲ್ಲಿ ದುಡ್ಡು ಕಟ್ಟಿ ಹೊರಬರುವ ಪೋಷಕರ ಕೈಯಲ್ಲಿ ಎಷ್ಟೋ ಸಲ ಎರಡು ಚೀಟಿ ಇರುತ್ತವೆ. ಒಂದು ಶಾಲೆಯ ಹೆಸರಿನದು. ಕ್ರಮಸಂಖ್ಯೆ ಇರುವ ಅಚ್ಚಾದ ರಸೀದಿ: ಬೋಧನಾ ಶುಲ್ಕ, ಲ್ಯಾಬ್, ಸ್ಮಾರ್ಟ್ ಕ್ಲಾಸ್ ಅಂತ ಬೇರೆಬೇರೆ ಬಾಬತ್ತು ಅದರಲ್ಲಿ. ಇನ್ನೊಂದು ಟ್ರಸ್ಟಿನ ಹೆಸರಿನದು, ‘ಸ್ವಇಚ್ಛೆಯಿಂದ ಕೊಟ್ಟ ದೇಣಿಗೆ’ ಎಂಬ ಒಂದೇ ಸಾಲು. ಆ ಸ್ವಇಚ್ಛೆ ಎಂಥದ್ದೆಂದರೆ, ಅದಿಲ್ಲದೆ ಅಡ್ಮಿಷನ್ ಫಾರಂ ಮುಂದಿನ ಮೇಜಿಗೆ ಹೋಗುವುದಿಲ್ಲ. ಇನ್ನು ಕೆಲವು ಕಡೆ ಎರಡನೆಯ ಚೀಟಿಯೂ ಇಲ್ಲ. ಬಿಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಮೊತ್ತ ಬರೆದು ತೋರಿಸುತ್ತಾರೆ, ದುಡ್ಡು ಎಣಿಸಿಕೊಂಡ ಮೇಲೆ ಹಾಳೆ ಹರಿದು ಬುಟ್ಟಿಗೆ ಹಾಕುತ್ತಾರೆ.

ಇಷ್ಟಾದ ಮೇಲೂ ನಮ್ಮ ಪೋಷಕರು ಜಗಳಕ್ಕೆ ನಿಲ್ಲುವುದು ಆ ಪೆನ್ಸಿಲ್ ಚೀಟಿಯ ಬಗ್ಗೆ ಅಲ್ಲ, ‘ಫೀಸು ಇಷ್ಟೊಂದು ಯಾಕೆ ಏರಿಸಿದಿರಿ’ ಎಂಬ ಬಗ್ಗೆ. ತಮಾಷೆಯೆಂದರೆ, ಕಾನೂನು ಪೋಷಕರ ಕೈಗೆ ಅತಿ ಕಡಿಮೆ ಬಲ ಕೊಟ್ಟಿರುವುದು ಫೀಸಿನ ಮೊತ್ತದ ವಿಷಯದಲ್ಲಿ. ಅದು ಬಲವಾಗಿರುವ ಕಡೆ, ಅಂದರೆ ಮಗುವನ್ನು ತರಗತಿಯಿಂದ ಹೊರಗೆ ನಿಲ್ಲಿಸಿದಾಗ, ಟಿಸಿ ತಡೆಹಿಡಿದಾಗ, ಬೆತ್ತ ಎತ್ತಿದಾಗ, ‘ಮಗು ಅಲ್ಲೇ ಓದಬೇಕಲ್ಲ’ ಎಂದು ಸುಮ್ಮನಾಗುತ್ತಾರೆ.

ಮೊದಲು ಫೀಸಿನ ಮಾತು ಮುಗಿಸಿಬಿಡೋಣ. ಕರ್ನಾಟಕದಿಂದಲೇ ಹೋದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಹೇಳಿದ ಮಾತು ಇಂದಿಗೂ ಅಡಿಪಾಯ: ಅನುದಾನವಿಲ್ಲದ ಖಾಸಗಿ ಸಂಸ್ಥೆ ತನ್ನ ಶುಲ್ಕವನ್ನು ತಾನೇ ನಿಗದಿ ಮಾಡಬಹುದು, ಸಂಸ್ಥೆಯ ಬೆಳವಣಿಗೆಗೆಂದು ಒಂದಿಷ್ಟು ಉಳಿಸಿಕೊಳ್ಳಲೂಬಹುದು, ಆದರೆ ಲಾಭಕೋರತನವೂ ಕ್ಯಾಪಿಟೇಷನ್ ವಸೂಲಿಯೂ ಕೂಡದು. ನಮ್ಮ ರಾಜ್ಯದ 1983ರ ಶಿಕ್ಷಣ ಕಾಯ್ದೆಯಲ್ಲಿ ಶುಲ್ಕ ನಿಯಂತ್ರಣದ ಕಲಂಗಳಿದ್ದವು. 2023ರ ಜನವರಿಯಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಅವು ಅನುದಾನರಹಿತ ಖಾಸಗಿ ಶಾಲೆಗಳಿಗೆ ಅನ್ವಯವಾಗವು ಎಂದಿತು. ತಮಿಳುನಾಡು 2009ರಲ್ಲಿ, ಮಹಾರಾಷ್ಟ್ರ 2011ರಲ್ಲಿ ಶಾಲಾ ಶುಲ್ಕಕ್ಕೆಂದೇ ಪ್ರತ್ಯೇಕ ಕಾಯ್ದೆ ಮಾಡಿಕೊಂಡವು. ನಮ್ಮಲ್ಲಿ ಅಂಥದ್ದಿಲ್ಲ. ಹಾಗಾಗಿ ‘ಫೀಸು ಜಾಸ್ತಿ’ ಎಂಬ ಒಂದೇ ಸಾಲಿನ ದೂರು ಹಿಡಿದು ಬಿಇಒ ಕಚೇರಿಗೆ ಹೋದವರು ಕೈ ಬೀಸಿಕೊಂಡು ಬಂದರೆ ಅದರಲ್ಲಿ ಅಚ್ಚರಿಯಿಲ್ಲ. ಸರ್ಕಾರ ಇಷ್ಟು ವರ್ಷ ಈ ಜಾಗವನ್ನು ಖಾಲಿ ಬಿಟ್ಟದ್ದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಅದು ವಿಧಾನಸೌಧದಲ್ಲಿ ಕೇಳಬೇಕಾದ ಪ್ರಶ್ನೆ, ಶಾಲೆಯ ಗೇಟಿನಲ್ಲಿ ಅಲ್ಲ.

ಆದರೆ ಪ್ರಕಟಿಸಿದ ಫೀಸಿನ ಆಚೆ ಒಂದು ರೂಪಾಯಿ ಕೇಳಿದರೂ ಆಟ ಬೇರೆ. 2009ರ ಶಿಕ್ಷಣ ಹಕ್ಕು ಕಾಯ್ದೆ, ಎಲ್ಲರ ಬಾಯಲ್ಲಿ ಆರ್‌ಟಿಇ, ಕ್ಯಾಪಿಟೇಷನ್ ಎಂದರೇನು ಎಂಬುದನ್ನು ಸರಳವಾಗಿ ಹೇಳಿದೆ: ಶಾಲೆ ಪ್ರಕಟಿಸಿದ ಶುಲ್ಕವನ್ನು ಬಿಟ್ಟು ಬೇರೆ ಯಾವುದೇ ದೇಣಿಗೆ, ವಂತಿಗೆ, ಪಾವತಿ. ಹೆಸರು ಕಟ್ಟಡ ನಿಧಿ ಎಂದಿರಲಿ, ಅಭಿವೃದ್ಧಿ ನಿಧಿ ಎಂದಿರಲಿ, ಪ್ರಕಟಿತ ಪಟ್ಟಿಯಲ್ಲಿ ಇಲ್ಲದಿದ್ದರೆ ಅದು ಕ್ಯಾಪಿಟೇಷನ್. ಪ್ರವೇಶದ ವೇಳೆ ಅದನ್ನು ವಸೂಲಿ ಮಾಡಿದರೆ 13ನೇ ಕಲಂ ಪ್ರಕಾರ ವಸೂಲಾದ ಮೊತ್ತದ ಹತ್ತುಪಟ್ಟಿನವರೆಗೆ ದಂಡ. ಮಗುವಿಗೆ ಪ್ರವೇಶ ಪರೀಕ್ಷೆ ಇಟ್ಟರೆ, ಅಪ್ಪ ಅಮ್ಮನನ್ನು ಕೂರಿಸಿಕೊಂಡು ‘ನೀವು ಎಲ್ಲಿಯವರೆಗೆ ಓದಿದ್ದೀರಿ’ ಎಂದು ಸಂದರ್ಶನ ಮಾಡಿದರೆ ಮೊದಲ ಸಲ 25 ಸಾವಿರ, ಆಮೇಲೆ ಪ್ರತಿ ಸಲ 50 ಸಾವಿರ ರೂಪಾಯಿವರೆಗೆ ದಂಡ. ಇದರ ಜತೆಗೆ ಕ್ಯಾಪಿಟೇಷನ್ ನಿಷೇಧಿಸುವ ರಾಜ್ಯದ್ದೇ 1984ರ ಕಾಯ್ದೆಯೂ ಇದೆ. ಡೊನೇಷನ್ ಹಾವಳಿಯನ್ನು ಕುರಿತು ಇಷ್ಟು ಮುಂಚೆ ಕಾಯ್ದೆ ಮಾಡಿದ ರಾಜ್ಯದಲ್ಲೇ ಡೊನೇಷನ್ ಇಷ್ಟು ಸಲೀಸಾಗಿ ನಡೆದಿದೆ ಎಂಬುದು ಬೇರೆ ಕಥೆ.

ಹಾಗಾದರೆ ಪೋಷಕರು ಮಾಡಬೇಕಾದ್ದೇನು? ಪ್ರವೇಶಕ್ಕೆ ಮುಂಚೆ ಶಾಲೆಯ ಶುಲ್ಕದ ಪಟ್ಟಿಯನ್ನು, ಸೂಚನಾ ಫಲಕದಲ್ಲಿದ್ದರೆ ಅಲ್ಲಿಂದ, ವೆಬ್‌ಸೈಟಿನಲ್ಲಿದ್ದರೆ ಅಲ್ಲಿಂದ, ತಾರೀಖು ಕಾಣುವಂತೆ ಫೋಟೊ ತೆಗೆದಿಟ್ಟುಕೊಳ್ಳಿ. ನಗದು ಬೇಡ. ‘ಇದನ್ನು ಮಾತ್ರ ಕ್ಯಾಷ್ ಕೊಡಿ’ ಎಂದರೆ, ಅದೇ ಸಂಶಯದ ಮೊದಲ ಗುರುತು. ಚೆಕ್ಕಿನಲ್ಲೋ ಆನ್‌ಲೈನಿನಲ್ಲೋ ಕಟ್ಟಿ, ಯಾರ ಖಾತೆಗೆ ಹೋಯಿತು ಎಂಬುದು ಬ್ಯಾಂಕಿನ ದಾಖಲೆಯಲ್ಲೇ ಉಳಿಯುತ್ತದೆ. ಟ್ರಸ್ಟಿನ ದೇಣಿಗೆ ರಸೀದಿ ಕೊಟ್ಟರೆ ಜೋಪಾನವಾಗಿಡಿ. ಪ್ರವೇಶದ ದಿನವೇ, ಅದೇ ಕೌಂಟರಿನಲ್ಲಿ ಕೊಟ್ಟ ‘ಸ್ವಇಚ್ಛೆಯ’ ರಸೀದಿ ಒಳ್ಳೆಯ ಸಾಕ್ಷಿ.

ಪುಸ್ತಕ, ಸಮವಸ್ತ್ರ, ಶೂಗಳ ವಿಷಯವೂ ಇದೇ ಜಾಡಿನದು. ‘ಇದೇ ಅಂಗಡಿಯಲ್ಲೇ ಕೊಳ್ಳಬೇಕು’ ಎಂದು ಬಾಯಲ್ಲಿ ಹೇಳುತ್ತಾರೆ, ಬರೆದುಕೊಡುವುದಿಲ್ಲ. ಒಂದು ಇಮೇಲ್ ಹಾಕಿ, ‘ಇದು ಕಡ್ಡಾಯವೇ, ದಯವಿಟ್ಟು ಲಿಖಿತವಾಗಿ ತಿಳಿಸಿ’ ಎಂದು ಕೇಳಿದರೆ ಅರ್ಧ ಒತ್ತಾಯ ಅಲ್ಲೇ ಕರಗುತ್ತದೆ.

ಈಗ ಮಗುವಿನ ವಿಷಯ. ಫೀಸು ಬಾಕಿ ಉಳಿದರೆ ಅದು ಶಾಲೆಗೂ ಪೋಷಕರಿಗೂ ನಡುವಿನ ಲೇವಾದೇವಿ. ಶಾಲೆ ನೋಟಿಸು ಕೊಡಬಹುದು, ಕಂತು ಮಾಡಿಕೊಡಬಹುದು, ಸಿವಿಲ್ ಕೋರ್ಟಿಗೂ ಹೋಗಬಹುದು. ಬಾಕಿ ಕೊಡಲೇಬೇಕು, ಮೇಷ್ಟ್ರುಗಳ ಸಂಬಳ ಆ ದುಡ್ಡಿನಿಂದಲೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ವಸೂಲಿಗೆ ಮಗುವನ್ನು ಅಡವಿಟ್ಟುಕೊಳ್ಳುವಂತಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ಬಾಕಿದಾರರ ಹೆಸರು ಕೂಗುವುದು, ಎಲ್ಲರೂ ಪರೀಕ್ಷೆ ಬರೆಯುವಾಗ ಒಂದು ಮಗುವನ್ನು ಆಫೀಸಿನ ಮುಂದಿನ ಬೆಂಚಿನ ಮೇಲೆ ಕೂರಿಸುವುದು, ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದು ಮಗುವಿನಿಂದಲೇ ಓದಿಸುವುದು, ಇವೆಲ್ಲ ಆರ್‌ಟಿಇಯ 17ನೇ ಕಲಂ ನಿಷೇಧಿಸಿರುವ ಮಾನಸಿಕ ಕಿರುಕುಳದ ಸಾಲಿಗೆ ಬರುತ್ತವೆ. 16ನೇ ಕಲಂ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ತೆಗೆದುಹಾಕುವಂತೆಯೇ ಇಲ್ಲ. ಕೋವಿಡ್ ವರ್ಷದ ಶುಲ್ಕದ ಬಗ್ಗೆ ರಾಜಸ್ಥಾನದ ಶಾಲೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಮೇ ತಿಂಗಳಲ್ಲಿ, ಆ ವರ್ಷದ ಬಾಕಿಯ ಕಾರಣಕ್ಕೆ ಮಕ್ಕಳನ್ನು ತರಗತಿಯಿಂದ ದೂರ ಇಡಬಾರದು, ಫಲಿತಾಂಶ ತಡೆಯಬಾರದು ಎಂದಿತ್ತು. 2025ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್, ಬಾಕಿಯಿದ್ದ ಮಕ್ಕಳನ್ನು ಪಾಠಕ್ಕೆ ಬಿಡದೆ ಗ್ರಂಥಾಲಯದಲ್ಲಿ ಕೂರಿಸಿದ್ದ ಶಾಲೆಯೊಂದನ್ನು ತೀಕ್ಷ್ಣವಾಗಿ ತರಾಟೆಗೆ ತೆಗೆದುಕೊಂಡಿತು. ಮೊದಲನೆಯದು ಒಂದು ವಿಶೇಷ ವರ್ಷದ್ದು, ಎರಡನೆಯದು ಬೇರೆ ರಾಜ್ಯದ್ದು. ಆದರೂ ಅರ್ಜಿಯಲ್ಲಿ ಎರಡನ್ನೂ ನಮೂದಿಸಲು ಅಡ್ಡಿಯಿಲ್ಲ.

ಹೊಡೆತದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ‘ನಾಲ್ಕು ಬಿಗಿದರೂ ಪರವಾಗಿಲ್ಲ ಸಾರ್, ಬುದ್ಧಿ ಬರಲಿ’ ಎಂದು ಪೋಷಕರೇ ಹೇಳಿದ್ದರೂ ಕಾನೂನು ಅದನ್ನು ಒಪ್ಪಿಗೆ ಎಂದು ಲೆಕ್ಕಿಸದು. ಶಾಲೆಯಂಥ ಸಂಸ್ಥೆಯಲ್ಲಿ ಮಗುವಿನ ಹೊಣೆ ಹೊತ್ತವರು ಕ್ರೌರ್ಯ ತೋರಿದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಪ್ರಕಾರ ಐದು ವರ್ಷದವರೆಗೆ ಶಿಕ್ಷೆಯಿದೆ. ಲೈಂಗಿಕ ದೌರ್ಜನ್ಯದ ಸಂಶಯವಿದ್ದರೆ ‘ಮೊದಲು ಆಡಳಿತ ಮಂಡಳಿ ವಿಚಾರಿಸಲಿ’ ಎಂದು ಒಂದು ದಿನವೂ ಕಾಯಬೇಡಿ. ಪೋಕ್ಸೊ ಕಾಯ್ದೆಯಲ್ಲಿ ಪೊಲೀಸರಿಗೆ ತಿಳಿಸುವುದು ಎಲ್ಲರಿಗೂ ಕಡ್ಡಾಯ. ತನ್ನ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೂ ಒಂದು ವರ್ಷದವರೆಗೆ ಜೈಲಿದೆ. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು.

ಟಿಸಿಯ ಬಗ್ಗೆ ಮಾತ್ರ ಸ್ವಲ್ಪ ನಿಂತು ನೋಡಬೇಕು, ಅತಿ ಹೆಚ್ಚು ಗೊಂದಲ ಇರುವುದು ಅಲ್ಲೇ. ಆರ್‌ಟಿಇಯ 5ನೇ ಕಲಂ ಮಗುವಿಗೆ ಶಾಲೆ ಬದಲಿಸುವ ಹಕ್ಕು ಕೊಟ್ಟಿದೆ. ಮುಖ್ಯೋಪಾಧ್ಯಾಯರು ತಕ್ಷಣ ಟಿಸಿ ಕೊಡಬೇಕು, ಟಿಸಿ ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸಬಾರದು ಎಂದೂ ಹೇಳಿದೆ. ಆದರೆ ಕಲಂ ಅನ್ನು ಪೂರ್ತಿ ಓದಿದರೆ, ಈ ಹಕ್ಕು ಇರುವುದು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುವ ಮಗುವಿಗೆ. ಒಂದು ಖಾಸಗಿ ಶಾಲೆಯಿಂದ ಇನ್ನೊಂದು ಖಾಸಗಿ ಶಾಲೆಗೆ ಹೋಗುವವರಿಗೆ ಇಷ್ಟು ನೇರವಾದ ರಕ್ಷಣೆ ಆ ಕಲಂನಲ್ಲಿಲ್ಲ. ಫೀಸು ಕಟ್ಟಲಾಗದೆ ಮಗುವನ್ನು ಊರಿನ ಸರ್ಕಾರಿ ಶಾಲೆಗೆ ಸೇರಿಸಲು ಹೊರಟ ಮನೆಯವರಿಗೆ ಇದು ಗೊತ್ತಿರಬೇಕು: ಹಳೆಯ ಶಾಲೆ ಟಿಸಿ ಕೊಡದಿದ್ದರೂ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರು ‘ಟಿಸಿ ತಂದ ಮೇಲೆ ಬನ್ನಿ’ ಎಂದು ವಾಪಸ್ ಕಳಿಸುವಂತಿಲ್ಲ. ಈಚೆಗೆ ಕಾಗದದ ಟಿಸಿಗಿಂತ ದೊಡ್ಡ ತೊಡಕು ಸ್ಯಾಟ್ಸ್. ಇಲಾಖೆಯ ಆ ತಂತ್ರಾಂಶದಲ್ಲಿ ಮಗುವಿನ ದಾಖಲೆಯನ್ನು ಹಳೆಯ ಶಾಲೆ ಬಿಟ್ಟುಕೊಡದೆ ಕೂತರೆ, ಮಗು ಹೊಸ ತರಗತಿಯಲ್ಲಿ ಕೂತಿದ್ದರೂ ಕಂಪ್ಯೂಟರಿನಲ್ಲಿ ಹಳೆಯ ಶಾಲೆಯಲ್ಲೇ ಇರುತ್ತದೆ. ಅಂಥ ವೇಳೆ ಶಾಲೆಯವರ ಜತೆ ವಾದಕ್ಕೆ ನಿಲ್ಲದೆ, ಮಗುವಿನ ಸ್ಯಾಟ್ಸ್ ಸಂಖ್ಯೆ ಬರೆದು ನೇರ ಬಿಇಒಗೆ ಅರ್ಜಿ ಕೊಡಿ.

ಅರ್ಜಿ ಹೇಗಿರಬೇಕು? ಎರಡು ಪುಟದ ಸಂಕಟ ಬೇಡ. ‘5ನೇ ತರಗತಿಯ ನನ್ನ ಮಗಳನ್ನು ಇಂಥ ತಾರೀಖಿನಂದು, ಎರಡನೇ ಕಂತಿನ ಶುಲ್ಕ ಬಾಕಿ ಎಂಬ ಕಾರಣ ನೀಡಿ, ಮೊದಲ ಮೂರು ಪೀರಿಯಡ್ ತರಗತಿಯ ಹೊರಗೆ ನಿಲ್ಲಿಸಲಾಗಿದೆ. ಇದು ಆರ್‌ಟಿಇ ಕಲಂ 17ರ ಉಲ್ಲಂಘನೆ. ವಿಚಾರಣೆ ನಡೆಸಿ ಲಿಖಿತ ಹಿಂಬರಹ ನೀಡಲು ಕೋರುತ್ತೇನೆ.’ ಇಷ್ಟು ಸಾಕು. ಮೊದಲು ಇದನ್ನೇ ಶಾಲೆಗೆ ಕೊಟ್ಟು ಮೂರ್ನಾಲ್ಕು ದಿನ ನೋಡಬಹುದು. ಉತ್ತರ ಬಾರದಿದ್ದರೆ ಬಿಇಒ ಕಚೇರಿಯ ಟಪಾಲು ವಿಭಾಗಕ್ಕೆ ಕೊಡಿ, ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಖು, ಸಹಿ ಹಾಕಿಸಿಕೊಳ್ಳಿ. ‘ಇಟ್ಟು ಹೋಗಿ, ಸಾಹೇಬರು ನೋಡ್ತಾರೆ’ ಎಂದರೆ ಒಪ್ಪಬೇಡಿ. ಮೊಹರು ಬೀಳದ ಅರ್ಜಿ ಕೊಟ್ಟಿದ್ದಕ್ಕೆ ಪುರಾವೆಯೇ ಇರುವುದಿಲ್ಲ. ಅವರು ಒಪ್ಪದಿದ್ದರೆ ಅಲ್ಲಿಂದಲೇ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ಚೀಟಿ ಇಟ್ಟುಕೊಳ್ಳಿ.

32ನೇ ಕಲಂ ಪ್ರಕಾರ ಇಂಥ ದೂರನ್ನು ಸ್ಥಳೀಯ ಪ್ರಾಧಿಕಾರ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ತೃಪ್ತಿಯಾಗದಿದ್ದರೆ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ನಡುವೆ ಡಿಡಿಪಿಐ ಇದ್ದಾರೆ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಶಿಕ್ಷಣ ನಿಯಂತ್ರಣ ಪ್ರಾಧಿಕಾರವೂ ಇದೆ. ‘ಇದು ಸಿಬಿಎಸ್‌ಇ ಶಾಲೆ, ನಮಗೆ ಸಂಬಂಧವಿಲ್ಲ’ ಎಂಬ ಉತ್ತರ ಬಂದರೆ ನಂಬಬೇಡಿ. ಆ ಶಾಲೆಗೆ ನಿರಾಕ್ಷೇಪಣಾ ಪತ್ರ ಕೊಟ್ಟದ್ದು ರಾಜ್ಯವೇ, ಆರ್‌ಟಿಇ ಬೋರ್ಡು ನೋಡಿ ಅನ್ವಯವಾಗುವುದಿಲ್ಲ. ಅಂದಹಾಗೆ, ಬೋರ್ಡಿನಲ್ಲಿ ಸಿಬಿಎಸ್‌ಇ ಎಂದು ಬರೆಸಿಕೊಂಡು ರಾಜ್ಯ ಪಠ್ಯಕ್ರಮಕ್ಕಷ್ಟೇ ಅನುಮತಿ ಇರುವ ಶಾಲೆಗಳೂ ಉಂಟು. ಸಂಯೋಜನಾ ಸಂಖ್ಯೆ ಕೇಳಿ, ಸಿಬಿಎಸ್‌ಇ ವೆಬ್‌ಸೈಟಿನಲ್ಲಿ ಹೊಂದಿಸಿ ನೋಡಿ, ಆಮೇಲೆ ದುಡ್ಡು ಕಟ್ಟಿ.

ಆರ್‌ಟಿಇಗೂ ಮಿತಿಗಳಿವೆ. ಅದು 6ರಿಂದ 14 ವರ್ಷದ ಮಕ್ಕಳದ್ದು, ಒಂಬತ್ತು ಮತ್ತು ಹತ್ತನೇ ತರಗತಿಯನ್ನು ಪೂರ್ತಿ ಮುಟ್ಟುವುದಿಲ್ಲ. ಸುಪ್ರೀಂ ಕೋರ್ಟಿನ 2014ರ ಪ್ರಮತಿ ತೀರ್ಪಿನ ಪ್ರಕಾರ ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳು ಅದರ ಹೊರಗೆ. ಖಾಸಗಿ ಶಾಲೆಯಲ್ಲಿ ಶೇಕಡ 25ರ ಸೀಟಿನ ಆಸೆಯಿದ್ದವರಿಗೆ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಆ ಸೀಟು ಇಲ್ಲ ಎಂದು ರಾಜ್ಯ ನಿಯಮ ತಿದ್ದಿತು, 2019ರ ಮೇ ತಿಂಗಳಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಗ್ರಾಹಕ ಆಯೋಗದ ದಾರಿಯೂ ಅಷ್ಟು ಸುಗಮವಲ್ಲ. ಶಿಕ್ಷಣ ಸಂಸ್ಥೆಗಳು ಗ್ರಾಹಕ ಕಾಯ್ದೆಗೆ ಒಳಪಡುವುದಿಲ್ಲ, ಕೋಚಿಂಗ್ ಕೇಂದ್ರಗಳು ಒಳಪಡುತ್ತವೆ ಎಂದು ರಾಷ್ಟ್ರೀಯ ಆಯೋಗ 2020ರಲ್ಲಿ ಹೇಳಿದೆ.

ಮಾಹಿತಿ ಹಕ್ಕು ಮಾತ್ರ ಎಲ್ಲ ತರಗತಿಗೂ ಉಪಯೋಗಕ್ಕೆ ಬರುತ್ತದೆ. ಖಾಸಗಿ ಶಾಲೆಯನ್ನೇ ಕೇಳಿದರೆ ‘ನಾವು ಸಾರ್ವಜನಿಕ ಪ್ರಾಧಿಕಾರ ಅಲ್ಲ’ ಎಂದಾರು. ಬಿಇಒ ಕಚೇರಿಯನ್ನು ಕೇಳಿ: ಆ ಶಾಲೆ ಸಲ್ಲಿಸಿದ ಶುಲ್ಕದ ವಿವರ, ಮಾನ್ಯತೆ ನವೀಕರಣದ ಪ್ರತಿ, ಕೊನೆಯ ತಪಾಸಣಾ ವರದಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿ 150 ಪದ ಮೀರದಂತಿರಲಿ, ಇಲ್ಲದಿದ್ದರೆ ಅದೇ ನೆಪಕ್ಕೆ ವಾಪಸ್ ಬರುತ್ತದೆ.

ಒಬ್ಬರೇ ದೂರು ಕೊಟ್ಟರೆ ಮಗುವಿನ ಮೇಲೆ ಸೇಡು ತೀರಿಸಿಕೊಂಡಾರು ಎಂಬ ಅಂಜಿಕೆ ಸುಳ್ಳಲ್ಲ. ಅದಕ್ಕೇ ನಾಲ್ಕೈದು ಮನೆಯವರು ಕೂಡಿ ಒಂದೇ ಅರ್ಜಿಗೆ ಸಹಿ ಹಾಕುವುದು ಮೇಲು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಟೀಚರ ಹೆಸರು ಹಿಡಿದು ಬೈದು ಬರೆಯುವುದು ಮಾತ್ರ ಬೇಡ. ಅದರ ಸ್ಕ್ರೀನ್‌ಶಾಟ್ ನಾಳೆ ಮಾನಹಾನಿಯ ನೋಟಿಸಿಗೆ ಲಗತ್ತಾಗಿ ಬರುತ್ತದೆ, ನಿಮ್ಮ ಮೂಲ ದೂರು ಹಿಂದೆ ಸರಿಯುತ್ತದೆ. ವಕೀಲರ ಖರ್ಚಿಗೆ ಹೆದರಬೇಕಾಗಿಯೂ ಇಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಅರ್ಜಿಯನ್ನು ಮಗುವಿನ ಹೆಸರಿನಲ್ಲೋ ತಾಯಿಯ ಹೆಸರಿನಲ್ಲೋ ಬರೆದು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕೊಡಿ. ಅದರ ಕಚೇರಿ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುತ್ತದೆ. ಹೋಗುವಾಗ ಮೊಹರು ಬಿದ್ದ ಅರ್ಜಿಯ ಪ್ರತಿ, ಫೀಸಿನ ರಸೀದಿಗಳು ಮತ್ತು ಶಾಲಾ ಡೈರಿಯನ್ನು ಜತೆಗೆ ಒಯ್ಯಿರಿ.