ಮರೆವಿನ ಕಾಯಿಲೆಯವರ ಮನೆ ಆರೈಕೆ: ಆಂಡರ್ಸನ್‌ಪೇಟೆಯವರಿಗೆ ಯಶಸ್ಸಿನ ಸೂತ್ರಗಳು

ನಮ್ಮೂರಿನ ಕೋಲಾರ ಚಿನ್ನದ ಗಣಿ (ಕೆಜಿಎಫ್) ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಆಗ ಐವತ್ತರ ಆಸುಪಾಸಿನಲ್ಲಿದ್ದ ಕಾರ್ಮಿಕರು ಈಗ ಎಪ್ಪತ್ತು ದಾಟಿದ್ದಾರೆ. ಮಕ್ಕಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋದರೆ ಮನೆ ಸೇರುವಾಗ ರಾತ್ರಿ. ಹಗಲೆಲ್ಲ ಒಬ್ಬರೇ ಇರುವ ಹಿರಿಯರಿಗೆ ಆಲ್ಝೈಮರ್ ಇದ್ದರೆ ಪಕ್ಕದಲ್ಲಿ ಕಸುಬು ಬಲ್ಲವರೊಬ್ಬರು ಇರಲೇಬೇಕು. ದೇಶದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದು ಅಂದಾಜಿಸಿದೆ. ಅದಕ್ಕೆ ಅತಿ ಸಾಮಾನ್ಯ ಕಾರಣ ಆಲ್ಝೈಮರ್. ಮನೆ ಆರೈಕೆಯನ್ನೇ ವೃತ್ತಿ ಮಾಡಿಕೊಳ್ಳುವ ನಮ್ಮೂರಿನ ಯುವಕ ಯುವತಿಯರಿಗೆ ಈ ಮಾತುಗಳು.

1. ಔಷಧಿ ಚೀಟಿಗಿಂತ ಮೊದಲು ಬದುಕಿನ ಕಥೆ ಕೇಳಿ. ತಾತ ಚಾಂಪಿಯನ್ ರೀಫ್‌ನಲ್ಲಿದ್ದರೋ, ನಂದಿದುರ್ಗದಲ್ಲೋ? ಟಿಂಬರ್‌ಮನ್ ಆಗಿದ್ದರೋ, ವೈಂಡಿಂಗ್ ಎಂಜಿನ್ ನಡೆಸುತ್ತಿದ್ದರೋ? ಯಾವ ಶಿಫ್ಟ್? ಇದನ್ನೆಲ್ಲ ಮನೆಯವರಿಂದ ಮೊದಲ ದಿನವೇ ಬರೆದುಕೊಳ್ಳಿ. ನಡುರಾತ್ರಿ ತಾತ ಎದ್ದು ಬೂಟು ಹುಡುಕಿದರೆ ಅದು ಹುಚ್ಚಲ್ಲ. ಮೂವತ್ತು ವರ್ಷ ರಾತ್ರಿ ಪಾಳಿ ಮಾಡಿದ ಮೈ ಕೆಲಸಕ್ಕೆ ಹೊರಟಿದೆ. "ಗಣಿ ಮುಚ್ಚಿ ಎಷ್ಟೋ ಕಾಲವಾಯಿತು" ಎಂದು ವಾದಿಸಿದರೆ ಅವರಿಗೆ ಕೋಪವೋ ಅಳುವೋ ಬರುತ್ತದೆ, ನಿದ್ದೆಯಂತೂ ಬರುವುದಿಲ್ಲ. "ಯಾವ ಶಾಫ್ಟ್ ತಾತಾ? ಜೊತೆಗೆ ಯಾರ್ಯಾರು ಇಳಿಯುತ್ತಿದ್ದರು?" ಎಂದು ಕೇಳಿ. ನೀರು ಕೊಡಿ, ಜಗುಲಿಯಲ್ಲಿ ನಾಲ್ಕು ಹೆಜ್ಜೆ ನಡೆಸಿ, ಮತ್ತೆ ಮಲಗಿಸಿ. ಇದೊಂದನ್ನು ಕಲಿತವರು ಅರ್ಧ ಕೆಲಸ ಕಲಿತ ಹಾಗೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

2. ಅವರ ಮೊದಲ ಭಾಷೆಯಲ್ಲಿ ಮಾತಾಡಿ. ಆಮೇಲೆ ಕಲಿತ ಭಾಷೆಗಳು ಮೊದಲು ಜಾರುವುದು, ತಾಯಿಮಾತು ಹೆಚ್ಚು ಕಾಲ ಉಳಿಯುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಕೆಜಿಎಫ್‌ನಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಒಂದೇ ಬೀದಿಯಲ್ಲಿವೆ. ಚೆನ್ನಾಗಿ ಕನ್ನಡ ಆಡುತ್ತಿದ್ದ ತಮಿಳು ಪಾಟಿ (ಅಜ್ಜಿ) ಒಂದು ದಿನ ಕನ್ನಡಕ್ಕೆ ಮುಖ ತಿರುಗಿಸಿದರೆ ಹಟವೆಂದುಕೊಳ್ಳಬೇಡಿ. "ವಾಂಗ ಪಾಟಿ, ಸಾಪ್ಪಿಡಲಾಂ" (ಬನ್ನಿ ಅಜ್ಜಿ, ಊಟ ಮಾಡೋಣ) ಎನ್ನಿ, ಎದ್ದು ಬರಬಹುದು. ಮೂರು ಭಾಷೆ ಬಲ್ಲ ಆಂಡರ್ಸನ್‌ಪೇಟೆಯ ಹುಡುಗಿಗೆ ಈ ಕೆಲಸದಲ್ಲಿ ಇರುವ ಅನುಕೂಲ ದೊಡ್ಡ ನಗರದ ಏಜೆನ್ಸಿಯಿಂದ ಬಂದವರಿಗೆ ಇರುವುದಿಲ್ಲ. ಸಂಬಳ ಮಾತಾಡುವಾಗ ಅದನ್ನು ಬಾಯಿಬಿಟ್ಟು ಹೇಳಿ.

3. ಎದುರಿನಿಂದ ಬನ್ನಿ, ಕಣ್ಣಿನ ಮಟ್ಟಕ್ಕೆ ಕೂತು, ಒಂದು ಸಲಕ್ಕೆ ಒಂದೇ ಮಾತು ಹೇಳಿ, ಉತ್ತರಕ್ಕೆ ಕಾಯಿರಿ. ಗಣಿಯ ಡ್ರಿಲ್ಲಿನ ಸದ್ದಿಗೆ ಕಿವಿ ಮಂದವಾಗಿರಬಹುದು. ಕನ್ನಡಕ, ಶ್ರವಣಯಂತ್ರ ದಿನವೂ ನೋಡಿ.

4. ಪರೀಕ್ಷೆ ಮಾಡಬೇಡಿ. "ನಾನು ಯಾರು ಹೇಳಿ ನೋಡೋಣ" ಎಂಬ ಪ್ರಶ್ನೆ ಅವರನ್ನು ಎಲ್ಲರೆದುರು ಸೋಲಿಸುತ್ತದೆ. ನಿಮ್ಮ ಹೆಸರನ್ನು ನೀವೇ ಹೇಳಿ. ತೀರಿಹೋದ ಹೆಂಡತಿಯನ್ನು ಕೇಳಿದಾಗಲೆಲ್ಲ ಸಾವಿನ ಸುದ್ದಿ ಹೇಳಿದರೆ ಪ್ರತಿ ಸಲವೂ ಅವರಿಗೆ ಅದು ಹೊಸ ಸಾವು. "ಅಜ್ಜಿ ಏನು ಅಡುಗೆ ಮಾಡ್ತಿದ್ದರು?" ಎಂದು ಮಾತು ಬೆಳೆಸಿ.

5. ಸ್ನಾನಕ್ಕೆ ಎಳೆದಾಡಬೇಡಿ. ಬೆತ್ತಲಾಗುವ ನಾಚಿಕೆ, ತಣ್ಣನೆ ನೆಲ, ತಲೆಗೆ ಏಕಾಏಕಿ ಬೀಳುವ ನೀರು ಅವರನ್ನು ಹೆದರಿಸುತ್ತವೆ. ಮೈಮೇಲೆ ಟವೆಲ್ ಹೊದಿಸಿ, ನೀರಿನ ಬಿಸಿ ಮೊದಲು ನೀವೇ ನೋಡಿ, ಕಾಲಿನಿಂದ ಶುರುಮಾಡಿ. ಕಲ್ಲಿನ ದೂಳು ಕುಡಿದು ಸಿಲಿಕೋಸಿಸ್ ಆದವರಿಗೆ ಬೇಗ ಏದುಸಿರು ಬರುತ್ತದೆ, ಕೂರಿಸಿಯೇ ಸ್ನಾನ ಮಾಡಿಸಿ. ಒಪ್ಪದಿದ್ದರೆ ಇವತ್ತಿಗೆ ಮೈ ಒರೆಸಿದರೆ ಸಾಕು.

6. ಊಟಕ್ಕೆ ನೆಟ್ಟಗೆ ಕೂರಿಸಿ, ತುತ್ತು ಚಿಕ್ಕದಿರಲಿ, ನುಂಗಿದ್ದನ್ನು ನೋಡಿ ಮುಂದಿನದು ಕೊಡಿ. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ನೀರು ಕುಡಿದರೆ ಪದೇ ಪದೇ ಕೆಮ್ಮು ಬರುತ್ತಿದ್ದರೆ ವೈದ್ಯರಿಗೆ ತಿಳಿಸಿ.

7. ಸಂಜೆ ದೀಪ ಬೇಗ ಹಚ್ಚಿ, ಟಿವಿ ಸದ್ದು ತಗ್ಗಿಸಿ. ಕತ್ತಲಾಗುತ್ತಿದ್ದಂತೆ ಚಡಪಡಿಕೆ ಹೆಚ್ಚುವವರು ಬಹಳ. ಮನೆ ಬಿಟ್ಟು ಹೊರಟರೆ ಈ ಊರಿನಲ್ಲಿ ಅಪಾಯ ಬೇರೆಡೆಗಿಂತ ಹೆಚ್ಚು: ಪಾಳುಬಿದ್ದ ಗಣಿ ಜಾಗಗಳಿವೆ, ಗಣಿ ತ್ಯಾಜ್ಯದ ಸೈನೈಡ್ ಗುಡ್ಡಗಳಿವೆ, ರೈಲು ಹಳಿ ಇದೆ. ಜೇಬಿನಲ್ಲಿ ವಿಳಾಸದ ಚೀಟಿ, ಮೊಬೈಲಿನಲ್ಲಿ ಈಚಿನ ಫೋಟೊ ಇರಲಿ. ಅಕ್ಕಪಕ್ಕದ ಅಂಗಡಿಯವರಿಗೆ, ಆಟೊದವರಿಗೆ ಮೊದಲೇ ಹೇಳಿಡಿ. ಕಾಣೆಯಾದರೆ ಅವರು ಹಿಂದೆ ಕೆಲಸಕ್ಕೆ ಹೋಗುತ್ತಿದ್ದ ದಾರಿಯಲ್ಲಿ ಮೊದಲು ಹುಡುಕಿ, ತಡಮಾಡದೆ ಪೊಲೀಸರಿಗೂ ತಿಳಿಸಿ.

8. ಒಂದೆರಡು ದಿನದಲ್ಲಿ ದಿಢೀರನೆ ಗೊಂದಲ ಹೆಚ್ಚಿದರೆ ಅದನ್ನು ಮರೆವಿನ ಲೆಕ್ಕಕ್ಕೆ ಹಾಕಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ನೋವು, ನೀರಿನ ಕೊರತೆ, ಹೊಸ ಮಾತ್ರೆ ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದು. ಅಂದೇ ವೈದ್ಯರಿಗೆ ತೋರಿಸಿ. ಊಟ, ನಿದ್ದೆ, ಮೂತ್ರ, ಮಾತ್ರೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವ ಆರೈಕೆದಾರರ ಮಾತಿಗೆ ವೈದ್ಯರ ಬಳಿ ಬೆಲೆ ಹೆಚ್ಚು. ನಿದ್ದೆ ಮಾತ್ರೆಯನ್ನು ನೀವಾಗಿ ಎಂದೂ ಕೊಡಬೇಡಿ.

ಇನ್ನೂ ತಪಾಸಣೆಯೇ ಆಗಿಲ್ಲದಿದ್ದರೆ "ಅರವತ್ತಕ್ಕೆ ಅರಳು ಮರಳು" ಎಂದು ಸುಮ್ಮನಿರಲು ಮನೆಯವರನ್ನು ಬಿಡಬೇಡಿ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆಯಿಂದಲೂ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆ ಇದೆ. ನಿಮ್ಹಾನ್ಸ್ ಮತ್ತು ರಾಜ್ಯ ಆರೋಗ್ಯ ಇಲಾಖೆ 2022ರಲ್ಲಿ ಮೆದುಳು ಆರೋಗ್ಯ ಯೋಜನೆಯನ್ನು ಪ್ರಾಯೋಗಿಕವಾಗಿ ಆರಂಭಿಸಿದ ಜಿಲ್ಲೆಗಳಲ್ಲಿ ನಮ್ಮ ಕೋಲಾರವೂ ಒಂದು. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

9. "ನನ್ನ ಸರ ಕದ್ದೆ" ಎಂಬ ಮಾತು ಒಂದಲ್ಲ ಒಂದು ದಿನ ಕಿವಿಗೆ ಬಿದ್ದೇ ಬೀಳುತ್ತದೆ. ಇಟ್ಟ ಜಾಗ ಮರೆತ ಮೆದುಳು ಹುಡುಕಿಕೊಳ್ಳುವ ಕಾರಣ ಅದು. ಬೇಸರಿಸದೆ "ಬನ್ನಿ, ಇಬ್ಬರೂ ಹುಡುಕೋಣ" ಎನ್ನಿ, ಅದೇ ದಿನ ಮನೆಯವರಿಗೂ ಹೇಳಿ. ಒಡವೆ, ಹಣದ ಬೀಗದ ಕೈಯನ್ನು ನೀವು ಇಟ್ಟುಕೊಳ್ಳಲೇಬೇಡಿ.

10. ಕೆಲಸದ ವೇಳೆ, ಸಂಬಳ, ರಜೆ ಬರವಣಿಗೆಯಲ್ಲಿರಲಿ. ನೀವು ಮನೆಗೆಲಸದವರಲ್ಲ, ಇಡೀ ಕುಟುಂಬದ ಪಾತ್ರೆ ತೊಳೆಯುವುದು ನಿಮ್ಮ ಪಾಲಿನದಲ್ಲ. ದಣಿದವರಿಗೆ ತಾಳ್ಮೆ ಉಳಿಯುವುದಿಲ್ಲ. ಸಿಟ್ಟು ಏರಿದಾಗ ರೋಗಿ ಕ್ಷೇಮವಾಗಿ ಕೂತಿದ್ದಾರೆಂದು ನೋಡಿಕೊಂಡು ಐದು ನಿಮಿಷ ಪಕ್ಕದ ಕೋಣೆಗೆ ಹೋಗಿ ಬನ್ನಿ. ಕೈ ಎತ್ತುವುದು, ಕಟ್ಟಿಹಾಕುವುದು ಯಾವ ಕಾರಣಕ್ಕೂ ಕೂಡದು.

ಮನೆಯವರಲ್ಲೂ ಒಂದು ವಿನಂತಿ: ಆರೈಕೆದಾರರನ್ನು ಹೆಸರು ಹಿಡಿದು ಕರೆಯಿರಿ, ವಾರಕ್ಕೊಂದು ರಜೆ ಕೊಡಿ, ಆ ದಿನ ನೀವೇ ಅಪ್ಪ ಅಮ್ಮನ ಪಕ್ಕದಲ್ಲಿರಿ. ದಾರಿ ತೋಚದಾಗ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ, ಅದು ಉಚಿತ.