98 ಎಂದರೆ ಏನು? ಆರೋಗ್ಯ ಪ್ರಾಜೆಕ್ಟನ್ನು ಜನರಿಗೆ ವಿವರಿಸುವ ಬಗೆ



ಪ್ರಾಜೆಕ್ಟ್ ಮಾಡುವುದು ಒಂದು ಕಲಿಕೆ. ವಿಜ್ಞಾನ ಓದದವರಿಗೆ ಅದನ್ನು ತಿಳಿಸಿ ಹೇಳುವುದು ಇನ್ನೊಂದು ಕಲಿಕೆ. ನಮ್ಮ ತಂಡದ ಪಲ್ಸ್ ಆಕ್ಸಿಮೀಟರ್ ಮಾದರಿಯನ್ನು ಕೆಮ್ಮಣ್ಣುಗುಂಡಿಯ ತೋಟದ ಕೆಲಸಗಾರರಿಗೆ ತೋರಿಸಿದಾಗ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಉಪಕರಣದ ವಿಷಯ. ರಕ್ತದಲ್ಲಿರುವ ಹಿಮೋಗ್ಲೋಬಿನ್ ಆಮ್ಲಜನಕವನ್ನು ಸಾಗಿಸುತ್ತದೆ. ಆಕ್ಸಿಮೀಟರ್ ನಮ್ಮ ಬೆರಳಿನ ಮೂಲಕ ಎರಡು ಬಗೆಯ ಬೆಳಕನ್ನು ಹಾಯಿಸುತ್ತದೆ: ಸುಮಾರು 660 ನ್ಯಾನೋಮೀಟರ್‌ನ ಕೆಂಪು, ಸುಮಾರು 940 ನ್ಯಾನೋಮೀಟರ್‌ನ ಇನ್‌ಫ್ರಾರೆಡ್. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಇನ್‌ಫ್ರಾರೆಡನ್ನು ಹೆಚ್ಚು ಹೀರುತ್ತದೆ. ಆಮ್ಲಜನಕ ಇಲ್ಲದ್ದು ಕೆಂಪನ್ನು ಹೆಚ್ಚು ಹೀರುತ್ತದೆ. ಈ ವ್ಯತ್ಯಾಸದಿಂದ ಶೇಕಡಾವಾರು ಲೆಕ್ಕ ಸಿಗುತ್ತದೆ. ನಾಡಿಮಿಡಿತವನ್ನು ಬಳಸಿ ಹೀಗೆ ಅಳೆಯುವ ವಿಧಾನವನ್ನು 1974ರಲ್ಲಿ ಮುಂದಿಟ್ಟವರು ಜಪಾನಿನ ಎಂಜಿನಿಯರ್ ಟಕುವೊ ಅವೊಯಾಗಿ.

ತೋಟದಲ್ಲಿ ನಾವು ಇದನ್ನೆಲ್ಲ ಹೇಳಲಿಲ್ಲ. ಅಲ್ಲಿನವರಿಗೆ ಗೊತ್ತಿರುವ ಒಂದು ಹೋಲಿಕೆ ಹುಡುಕಿದೆವು. ಹಿಂದೆ ಕೆಮ್ಮಣ್ಣುಗುಂಡಿಯ ಕಬ್ಬಿಣದ ಅದಿರು ರೋಪ್‌ವೇ ತೊಟ್ಟಿಗಳಲ್ಲಿ ಬೆಟ್ಟ ಇಳಿದು ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿತ್ತು. "ನಮ್ಮ ರಕ್ತದಲ್ಲೂ ಅಂಥ ತೊಟ್ಟಿಗಳಿವೆ. ಉಸಿರಿನ ಗಾಳಿಯಿಂದ ಆಮ್ಲಜನಕ ತುಂಬಿಕೊಂಡು ಮೈಗೆಲ್ಲ ಹಂಚುತ್ತವೆ. 98 ಬಂದರೆ ನೂರರಲ್ಲಿ 98 ತೊಟ್ಟಿ ತುಂಬಿವೆ ಎಂದರ್ಥ" ಎಂದೆ. ಎಲ್ಲರೂ ತಲೆಯಾಡಿಸಿದರು.

ಒಬ್ಬ ಅಜ್ಜಿ ಬೆರಳಿಟ್ಟರು. 98 ಬಂತು. "ಹಂಗಾದ್ರೆ ನಂಗೆ ರಕ್ತ ಚೆನ್ನಾಗೈತೆ ಅನ್ನು. ಡಾಕ್ಟ್ರು ಕೊಟ್ಟ ಕಬ್ಬಿಣದ ಮಾತ್ರೆ ಬಿಡ್ಬೋದಾ ಮಗಾ?" ಎಂದು ಕೇಳಿದರು.

"ಬಿಡಬೇಡಿ ಅಜ್ಜಿ. ಇರೋ ತೊಟ್ಟಿ ತುಂಬಿವೆಯಾ ಅಂತ ಮಾತ್ರ ಇದು ಹೇಳುತ್ತೆ. ತೊಟ್ಟಿ ಎಷ್ಟಿವೆ ಅಂತ ಇದಕ್ಕೆ ಗೊತ್ತಾಗಲ್ಲ. ಅದಕ್ಕೆ ರಕ್ತ ಪರೀಕ್ಷೆನೇ ಆಗಬೇಕು" ಎಂದೆ.

ರಕ್ತಹೀನತೆ ಇರುವವರಲ್ಲೂ ಆಕ್ಸಿಮೀಟರ್ 98 ತೋರಿಸಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಹಾಗಾಗಿ ಅಜ್ಜಿಯ ಪ್ರಶ್ನೆ ನಮ್ಮ ಪ್ರತಿ ಮನೆಯಲ್ಲೂ ಬರಬಹುದಾದ ಪ್ರಶ್ನೆ.

ಇಂಥ ಪ್ರಾಜೆಕ್ಟ್ ವಿವರಿಸುವಾಗ ಗಮನಿಸಬೇಕಾದ ಅಂಶಗಳು:

1. ಹೋಲಿಕೆ ಕೇಳುವವರ ಊರಿನದ್ದಾಗಿರಲಿ. ಮುಂದಿನ ಪ್ರಶ್ನೆಗೂ ಅದೇ ಹೋಲಿಕೆಯಿಂದ ಉತ್ತರ ಕೊಡುವಂತಿರಲಿ.

2. ಸಂಖ್ಯೆ ಹೇಳಿದ ಕೂಡಲೇ ಅದರ ಅರ್ಥವನ್ನೂ ಹೇಳಿ. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 95ರಿಂದ 100 ಇರುತ್ತದೆ.

3. ಉಪಕರಣದ ಮಿತಿಗಳನ್ನು ನೀವಾಗಿಯೇ ತಿಳಿಸಿ. ಚಳಿಗೆ ತಣ್ಣಗಾದ ಬೆರಳು, ನೇಲ್ ಪಾಲಿಶ್, ಕಪ್ಪು ಮೆಹಂದಿ ಇವುಗಳಿಂದ ಅಳತೆ ವ್ಯತ್ಯಾಸವಾಗಬಹುದು. ಚರ್ಮ ಕಪ್ಪಾಗಿದ್ದರೆ ಕೆಲವೊಮ್ಮೆ ನಿಜಕ್ಕಿಂತ ಹೆಚ್ಚು ತೋರಿಸುವುದೂ ಉಂಟು.

4. ಶಾಲಾ ಮಾದರಿಯ ಅಳತೆ ನಂಬಿ ಯಾರೂ ಔಷಧಿ ಬದಲಿಸಬಾರದೆಂದು ಸ್ಪಷ್ಟವಾಗಿ ಹೇಳಿ.

5. ಕೊನೆಯಲ್ಲಿ "ಮನೆಗೆ ಹೋಗಿ ಇದನ್ನು ಹೇಗೆ ಹೇಳ್ತೀರಿ?" ಎಂದು ಕೇಳಿ. ಅವರು ತಮ್ಮ ಮಾತಿನಲ್ಲಿ ಹೇಳಿದಾಗ ಏನು ತಲುಪಿದೆ, ಏನು ಉಳಿದಿದೆ ಎಂದು ತಿಳಿಯುತ್ತದೆ.

ಮುಂದಿನ ವಿಜ್ಞಾನ ಪ್ರದರ್ಶನಕ್ಕೆ ಮಾದರಿ ಸಿದ್ಧಪಡಿಸುವವರು ಮೊದಲು ಮನೆಯಲ್ಲಿ ಅಮ್ಮಿಗೋ ದಾದಿಗೋ ವಿವರಿಸಿ ನೋಡಿ. ಅವರು ಕೇಳುವ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ.