ದಮ್ಮಿನ ರೋಗವೂ ಮನಸ್ಸಿನ ದಿಗಿಲೂ

ಹಗಲೆಲ್ಲ ಜಗಲಿಯ ಮೇಲೆ ಕುಳಿತೇ ಇರುವ ಒಬ್ಬಿಬ್ಬರು ಹಿರಿಯರು ಪ್ರತಿಯೊಂದು ಹಳ್ಳಿಯಲ್ಲಿಯೂ ಉಂಟು. ನಾಲ್ಕಾರು ವರ್ಷಗಳ ಹಿಂದೆ ಹೊಲದಲ್ಲಿ ದುಡಿದವರೇ ಅವರು. ಕೇಳಿದರೆ “ದಮ್ಮು” ಎನ್ನುತ್ತಾರೆ. ಮನೆಯವರನ್ನು ವಿಚಾರಿಸಿದರೆ ಇನ್ನೊಂದು ಮಾತು ಹೊರಬರುತ್ತದೆ: “ಈಚೆಗೆ ಮಾತೇ ಬಿಟ್ಟಿದ್ದಾರೆ, ಊಟ ಸೇರದು, ರಾತ್ರಿ ಗಾಬರಿಯಿಂದ ಎದ್ದು ಕೂಡುತ್ತಾರೆ.” ವೈದ್ಯರ ಮುಂದೆ ಮೊದಲನೆಯ ಮಾತನ್ನು ಎಲ್ಲರೂ ಹೇಳುತ್ತಾರೆ, ಎರಡನೆಯದನ್ನು ಹೇಳುವವರು ವಿರಳ. ಈ ಸಲದ ಪಾಠ ಆ ಎರಡನೆಯ ಮಾತನ್ನು ಕುರಿತದ್ದು.

ವೈದ್ಯರು ಸಿ.ಓ.ಪಿ.ಡಿ. ಎಂದು ಕರೆಯುವ ಈ ರೋಗದಲ್ಲಿ ಶ್ವಾಸನಾಳಗಳು ವರ್ಷಗಟ್ಟಲೆ ಹೊಗೆ ಕುಡಿದು ಕಿರಿದಾಗಿರುತ್ತವೆ. ಬೀಡಿ, ಸಿಗರೇಟು ಸೇದಿದವರಿಗೆ ಮಾತ್ರವೇ ಇದು ಬರುವುದೆಂದು ತಿಳಿಯಬಾರದು. ಒಂದು ದಿನವೂ ಬೀಡಿ ಮುಟ್ಟದೆ ಸೌದೆ ಬೆರಣಿಗಳ ಒಲೆಯ ಮುಂದೆ ಆಯುಷ್ಯ ಕಳೆದ ತಾಯಂದಿರಿಗೂ ಬರುತ್ತದೆ. ೨೦೨೧ರಲ್ಲಿ ಪ್ರಪಂಚದಲ್ಲಿ ಸುಮಾರು ೩೫ ಲಕ್ಷ ಜನರು ಇದರಿಂದ ತೀರಿಕೊಂಡರೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಇದು ಅಂಟುರೋಗವಲ್ಲ, ಲೋಟ ತಟ್ಟೆ ಬೇರೆ ಇಡಬೇಕಾಗಿಲ್ಲ. ಆದರೂ ಕೆಮ್ಮು ಎರಡು ವಾರ ಮೀರಿದರೆ ಕ್ಷಯವಿಲ್ಲವೆಂದು ಕಫ ಪರೀಕ್ಷೆ ಮಾಡಿಸಿ ಖಚಿತಮಾಡಿಕೊಳ್ಳಬೇಕು.

ಈಗ ದಿಗಿಲಿನ ವಿಷಯ. ಉಸಿರು ಸಾಲದೆ ಬಂದಾಗ ಮೆದುಳು ಅಪಾಯವೆಂದು ಕೂಗುತ್ತದೆ. ಇದು ಹೇಡಿತನವಲ್ಲ, ದೇಹದ ಧರ್ಮ. ಭಯವಾದೊಡನೆ ಉಸಿರಾಟ ಚುರುಕಾಗುತ್ತದೆ. ಕಿರಿದಾದ ನಾಳಗಳಿಂದ ಗಾಳಿ ಹೊರಗೆ ಹೋಗಲು ಹೆಚ್ಚು ಹೊತ್ತು ಬೇಕು. ಚುರುಕಾಗಿ ಉಸಿರಾಡಿದಾಗ ಆ ಹೊತ್ತು ದೊರೆಯದೆ ಹಳೆಯ ಗಾಳಿ ಒಳಗೇ ಉಳಿಯುತ್ತದೆ. ಹೊಸ ಗಾಳಿಗೆ ಸ್ಥಳವಿಲ್ಲ. ಆಗ ದಮ್ಮು ಇನ್ನೂ ಹೆಚ್ಚು, ಅದರಿಂದ ಭಯ ಇನ್ನೂ ಹೆಚ್ಚು. ಗಾಣದ ಎತ್ತಿನಂತೆ ಎರಡೂ ಸುತ್ತುತ್ತವೆ. ಈ ಅನುಭವಕ್ಕೆ ಹೆದರಿ ಮನುಷ್ಯ ನಡೆಯುವುದನ್ನು ಬಿಡುತ್ತಾನೆ, ಸಂತೆ ಜಾತ್ರೆಗಳನ್ನು ಬಿಡುತ್ತಾನೆ. ಕುಳಿತು ಕುಳಿತು ಕಾಲಿನ ಸ್ನಾಯುಗಳು ಸೋಲುತ್ತವೆ. ಸೋತ ಕಾಲಿಗೆ ಹಿತ್ತಲವರೆಗೆ ಹೋಗುವುದೂ ಭಾರವಾಗಿ ದಮ್ಮು ಬೇಗ ಬರುತ್ತದೆ. “ನಾನು ಮನೆಗೆ ಭಾರ” ಎಂಬ ಯೋಚನೆ ಈ ಹಂತದಲ್ಲಿಯೇ ಮನಸ್ಸಿನಲ್ಲಿ ಮನೆಮಾಡುವುದು.

ಈ ಸುತ್ತನ್ನು ಮುರಿಯುವ ಮೊದಲ ಉಪಾಯ ಉಸಿರು ಬಿಡುವ ಕ್ರಮದಲ್ಲಿದೆ. ಎರಡು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರು ತೆಗೆದುಕೊಳ್ಳಿ. ತುಟಿಗಳನ್ನು ಮೂತಿಯಂತೆ ಕಿರಿದುಮಾಡಿ ನಾಲ್ಕು ಎಣಿಸುವವರೆಗೆ ಮೆಲ್ಲಗೆ ಬಿಡಿ. ಊದುಗೊಳವೆಯಲ್ಲಿ ಒಲೆ ಊದುವಂತೆ ಜೋರಾಗಿ ಅಲ್ಲ, ಬಿಸಿ ಅಂಬಲಿಯನ್ನು ಆರಿಸುವಂತೆ. ಹೀಗೆ ಬಿಟ್ಟಾಗ ನಾಳಗಳು ಬೇಗ ಮುಚ್ಚಿಕೊಳ್ಳದೆ ಒಳಗಿನ ಗಾಳಿ ಹೊರಬೀಳುತ್ತದೆ. ಕುಳಿತು ಮುಂದಕ್ಕೆ ಬಾಗಿ ಮೊಣಕೈಗಳನ್ನು ತೊಡೆಯ ಮೇಲೆ ಊರಿದರೆ, ಹೊಲದಲ್ಲಿದ್ದರೆ ಕೋಲಿನ ಮೇಲೆ ಒರಗಿದರೆ, ಇನ್ನೂ ಸುಲಭ. ಇದನ್ನು ದಮ್ಮು ಬಂದಾಗ ಕಲಿಯಲಾಗುವುದಿಲ್ಲ. ಹಾಯಾಗಿರುವಾಗ ದಿನಕ್ಕೆ ಮೂರು ನಾಲ್ಕು ಸಲ ಅಭ್ಯಾಸಮಾಡಿದವರಿಗೇ ಅದು ಕಷ್ಟಕಾಲದಲ್ಲಿ ಕೈಗೆ ಬರುವುದು.

ಎರಡನೆಯದು ನಡಿಗೆ. ವೈದ್ಯರನ್ನು ಕೇಳಿಕೊಂಡು ಮೊದಲ ವಾರ ಎದುರುಮನೆಯವರೆಗೆ, ಮುಂದೆ ಅರಳಿಕಟ್ಟೆಯವರೆಗೆ. ಸ್ವಲ್ಪ ದಮ್ಮು ಬಂದರೆ ಶ್ವಾಸಕೋಶ ಹರಿದುಹೋಗುವುದಿಲ್ಲ. ನಿಂತು, ತುಟಿ ಕಿರಿದುಮಾಡಿ ಉಸಿರು ಬಿಟ್ಟು, ಮತ್ತೆ ಹೊರಡಬಹುದು. ಕ್ರಮವಾದ ವ್ಯಾಯಾಮದಿಂದ ದಮ್ಮಿನ ಜೊತೆಗೆ ದಿಗಿಲು ದುಗುಡಗಳೂ ಇಳಿಯುತ್ತವೆಂಬುದು ಅಧ್ಯಯನಗಳಲ್ಲಿ ಕಂಡುಬಂದಿದೆ.

ಸೇದುವ ಔಷಧಿ, ಅಂದರೆ ಇನ್‌ಹೇಲರ್, ಕೊನೆಗಾಲದ ಔಷಧಿಯೆಂಬ ಮಾತು ನಮ್ಮಲ್ಲಿ ಇನ್ನೂ ಹೋಗಿಲ್ಲ. ಅದು ಬರಿಯ ಮೂಢನಂಬಿಕೆ. ಸಾಲ್‌ಬ್ಯುಟಮಾಲ್ ಸೇದಿದ ಮೇಲೆ ಕೆಲವರಿಗೆ ಕೈ ನಡುಗಿ ಎದೆ ಡವಡವಿಸುವುದುಂಟು. ಅದು ಔಷಧಿಯ ಗುಣ, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ; ಹೆಚ್ಚಾಗಿ ಬಂದರೆ ವೈದ್ಯರಿಗೆ ತಿಳಿಸಬೇಕು. ಬೀಡಿ ಮನಸ್ಸಿಗೆ ಸಮಾಧಾನ ಕೊಡುತ್ತದೆಂಬ ವಾದವೂ ಉಂಟು. ಹೊಗೆಸೊಪ್ಪಿನ ಚಟವೇ ಹುಟ್ಟಿಸಿದ ಚಡಪಡಿಕೆಯನ್ನು ಮುಂದಿನ ಬೀಡಿ ಅರ್ಧಗಂಟೆ ತಣಿಸುತ್ತದೆ, ಅಷ್ಟೇ. ಬಿಟ್ಟು ಕೆಲವು ವಾರ ಕಳೆದವರಲ್ಲಿ ಆತಂಕ ಮೊದಲಿಗಿಂತ ಕಡಿಮೆಯಾಗಿರುತ್ತದೆ.

ಇಷ್ಟಾದರೂ ಎರಡು ವಾರಗಳಿಗೂ ಮಿಕ್ಕಿ ಯಾವುದರಲ್ಲಿಯೂ ಆಸಕ್ತಿಯಿಲ್ಲ, ನಿದ್ರೆಯಿಲ್ಲ, ಅಳು ಬರುತ್ತದೆ ಎಂದಾದರೆ ಅದು ಖಿನ್ನತೆಯಾಗಿರಬಹುದು. ಅದಕ್ಕೆ ಬೇರೆ ಚಿಕಿತ್ಸೆಯುಂಟು. ವೈದ್ಯರು ಕೊಡುವ ಖಿನ್ನತೆಯ ಮಾತ್ರೆ ಗುಣ ತೋರಿಸಲು ಕೆಲವು ವಾರ ಹಿಡಿಯುತ್ತದೆ. ನಾಲ್ಕು ದಿನಕ್ಕೇ ಬಿಟ್ಟುಬಿಡಬಾರದು. ಅಂಗಡಿಯಿಂದ ತಂದ ನಿದ್ರೆಮಾತ್ರೆ ಮತ್ತು ಸಾರಾಯಿ ಮಾತ್ರ ಕೂಡದು; ಇವು ಉಸಿರಾಟವನ್ನೇ ಕುಗ್ಗಿಸಬಲ್ಲವು. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ ೧೪೪೧೬ಕ್ಕೆ ಫೋನು ಮಾಡಿದರೆ ಹಗಲಿರುಳು ಖರ್ಚಿಲ್ಲದೆ ಮಾತನಾಡಬಹುದು. “ನಾನಿದ್ದು ಏನು ಪ್ರಯೋಜನ” ಎಂಬ ಮಾತು ಬಾಯಿಂದ ಬಂದರೆ ಮನೆಯವರು ಅದನ್ನು ವಯಸ್ಸಾದವರ ಗೊಣಗು ಎಂದು ತಳ್ಳಿಹಾಕದೆ, ಅವರೊಬ್ಬರನ್ನೇ ಬಿಡದೆ, ಕೀಟನಾಶಕದ ಡಬ್ಬಿಗಳನ್ನು ಮನೆಯಿಂದ ದೂರವಿಟ್ಟು ಬೀಗ ಹಾಕಿ, ಅಂದೇ ವೈದ್ಯರನ್ನು ಕಾಣಿಸಬೇಕು.

ಎಲ್ಲ ದಮ್ಮೂ ದಿಗಿಲಿನದೆಂದು ಸುಮ್ಮನಿರುವುದೂ ತಪ್ಪು. ತುಟಿ ನೀಲಿಗಟ್ಟಿದರೆ, ಒಂದು ವಾಕ್ಯವನ್ನು ಮುಗಿಸಲಾಗದಿದ್ದರೆ, ಮಂಪರು ಅಥವಾ ಬುದ್ಧಿಭ್ರಮೆ ಕಂಡರೆ ತಡಮಾಡದೆ ೧೦೮ಕ್ಕೆ ಕರೆಮಾಡಿ. ಕಫ ಹೆಚ್ಚಿ ಹಸಿರು ಹಳದಿಗೆ ತಿರುಗಿದರೆ ಆ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.

ಮನೆಯವರಿಗೆ ಇನ್ನೊಂದು ಸೂಚನೆ. ರೋಗಿಯ ಕೆಲಸವನ್ನೆಲ್ಲ ತಾವೇ ಮಾಡಿಕೊಡುವುದು ಪ್ರೀತಿಯಂತೆ ಕಂಡರೂ ಅವರನ್ನು ಇನ್ನಷ್ಟು ಕುಗ್ಗಿಸುತ್ತದೆ. ಅವರೆಕಾಯಿ ಸುಲಿಯುವುದು, ಹೂ ಕಟ್ಟುವುದು, ಮೊಮ್ಮಕ್ಕಳ ಮಗ್ಗಿ ಒಪ್ಪಿಸಿಕೊಳ್ಳುವುದು, ಹಾಲಿನ ಲೆಕ್ಕ ಬರೆಯುವುದು ಇವನ್ನೆಲ್ಲ ಅವರಿಗೇ ಬಿಡಿ. ಧೂಳಿನ ಕಣದ ಕೆಲಸವನ್ನೂ ಒಲೆಯ ಮುಂದಿನ ಕೆಲಸವನ್ನೂ ಮಾತ್ರ ಅವರಿಗೆ ಹೇಳಬೇಡಿ.